ಐದನೆಯ ತೊಲೆಯ ಕೆಳಗೆ

ನನ್ನ ಬನ್ನುಗಳ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇನ್ನು ಮುಂದೆ ಹೇಳುವುದರಲ್ಲಿ ನನ್ನ ಬಗ್ಗೆ ಒಳ್ಳೆಯದು ಅನ್ನುವಂಥದ್ದು ಹೆಚ್ಚೇನೂ ಸಿಗುವುದಿಲ್ಲ. ನನ್ನ ಹೆಸರು ಇಜಿದೋರ್. ಇಗರ್ಜಿಯ ಪಕ್ಕದ ಬಾಗಿಲಿನಿಂದ ಹೊರಬಿದ್ದರೆ ಐವತ್ತು ಹೆಜ್ಜೆಗೆ ನನ್ನ ಬೇಕರಿ, ಮನೆಯೂ ಅದೇ. ಅಪ್ಪ ಹಾಕಿದ ಒಲೆ, ಅಪ್ಪನದೇ ಬೋರ್ಡು. ನಾನು ಸೇರಿಸಿದ್ದು ಒಂದು ಗಾಜಿನ ಕಪಾಟು ಮತ್ತು ಸ್ವಲ್ಪ ಜಂಬ.

ನಮ್ಮ ಇಗರ್ಜಿಯ ಹೆಂಚಿನ ಮಾಡಿಗೆ ಹನ್ನೆರಡು ತೊಲೆಗಳು, ಹನ್ನೆರಡು ಮನೆತನಗಳಿಗೆ ಒಂದೊಂದು. ತೊಲೆಯ ಮೇಲೆ ಮನೆತನದ ಹೆಸರು ಕೆತ್ತಿದೆ. ನೇರ ಕೆಳಗೆ ನೆಲದಲ್ಲಿ ಆ ಮನೆಯವರ ಕಲ್ಲು ಇದೆ. ಇನ್ನೂರು ಮುನ್ನೂರು ವರ್ಷದ ಮರ, ಗೋಡೆಯೊಳಗೆ ಕೂತ ತುದಿ ಕೊಳೆತು ಕುಂಬಾಗುತ್ತದೆ. ಆಗ ತೊಲೆಯನ್ನು ಇಳಿಸಿ, ಕುಂಬಾದಷ್ಟನ್ನು ಕೊಯ್ದು, ಹೆಬ್ಬಲಸಿನ ಹೊಸ ತುಂಡನ್ನು ಕೀಲು ಹಾಕಿ ಜೋಡಿಸಿ ಮತ್ತೆ ಏರಿಸಬೇಕು. ಅಷ್ಟು ಹೊತ್ತೂ ಆ ಮನೆಯವರೊಬ್ಬರು ಬರಿಗಾಲಲ್ಲಿ ತಮ್ಮ ಕಲ್ಲಿನ ಮೇಲೆ ನಿಂತಿರುತ್ತಾರೆ. ಅವರು ನಿಂತಿರುವವರೆಗೆ ತೊಲೆಯಿಲ್ಲದ ಮಾಡೂ ನಿಂತಿರುತ್ತದೆ. ಹಿಂದೊಮ್ಮೆ ಹೊರಗಿನ ಇಂಜಿನಿಯರೊಬ್ಬರು ಇದನ್ನೆಲ್ಲ ಕೇಳಿ ನಕ್ಕು, ಕಬ್ಬಿಣದ ಕಂಬಗಳನ್ನು ತರಿಸಿ ಆಸರೆ ಕೊಟ್ಟರಂತೆ. ಬಾಗಿಹೋದ ಆ ಕಂಬಗಳು ಈಗ ಪಾದ್ರಿಗಳ ಹಿತ್ತಿಲಲ್ಲಿ ತೊಂಡೆ ಚಪ್ಪರ ಹೊತ್ತಿವೆ.

ಊರು ಇದಕ್ಕೆ ಒಗ್ಗಿಹೋಗಿದೆ. ನಿಲ್ಲುವವರು ಹಿಂದಿನ ಸಂಜೆಯಿಂದಲೇ ನೀರು ಕಡಿಮೆ ಮಾಡುತ್ತಾರೆ. ನಿಂತವರ ಬಾಯಿಗೆ ಯಾರಾದರೂ ಗಂಜಿ ಕುಡಿಸುತ್ತಾರೆ. ಹೆಂಗಸರು ನಿಂತಲ್ಲೇ ಮೊರ ಹಿಡಿದು ಅಕ್ಕಿ ಆರಿಸುವುದೂ ಉಂಟು. ಭಾರ ಬಂದದ್ದು ನಿಂತವರಿಗೇ ಗೊತ್ತಾಗುತ್ತದೆ; ನೆನೆದ ಅಕ್ಕಿಮೂಟೆಯನ್ನು ನಡುನೆತ್ತಿಯ ಮೇಲೆ ಮೆಲ್ಲಗೆ ಇಳಿಸಿದ ಹಾಗೆ. ಆಗ ಅವರು "ಬಂತು" ಎನ್ನಬೇಕು. ಅದನ್ನು ಕೇಳಿದ ಮೇಲೆಯೇ ಆಚಾರಿ ತೊಲೆಯ ಕೊನೆಯ ಬೆಣೆಯನ್ನು ಹೊಡೆದು ತೆಗೆಯುವುದು. ನಿಂತು ಬಂದವರು ಒಂದು ಬೆರಳು ಗಿಡ್ಡವಾಗಿರುತ್ತಾರೆಂದು ನಮ್ಮ ಟೈಲರ್ ಒಂದು ತಿಂಗಳು ಅವರ ಅಳತೆಯನ್ನೇ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಕಟ್ಟುನಿಟ್ಟು: ನಿಲ್ಲುವವರ ಮನೆಯಲ್ಲಿ ಆ ದಿನ ಒಲೆ ಹೊತ್ತಿಸಬಾರದು. ನೆರೆಯವರು ಊಟ ಕೊಡುತ್ತಾರೆ.

ತೊಲೆಗಳು ಜೋಡಿ ಜೋಡಿ. ಒಂದನ್ನು ಇಳಿಸಿದರೆ ಅದರ ಜೋಡಿಯ ಮನೆಯವರೂ ತಮ್ಮ ಕಲ್ಲಿನ ಮೇಲೆ ನಿಲ್ಲಬೇಕು. ನಾಲ್ಕನೆಯದು ನಮ್ಮದು. ಐದನೆಯದು ಬಸ್ತಿಯಾನಣ್ಣನ ಮನೆಯದು. ಬಸ್ತಿಯಾನಣ್ಣ ತೀರಿಹೋಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಉಳಿದವರು ಅವನ ಹೆಂಡತಿ ನತಾಲ್ ಬಾಯಿ ಒಬ್ಬರೇ. ಎರಡು ದಿನದ ದಾರಿಯಾಚೆಯ ಯಾವುದೋ ಹೊಳೆಯೂರಿನಿಂದ ಮದುವೆಯಾಗಿ ಬಂದವರು. ನಮ್ಮೂರಿನಲ್ಲಿ ಮೂವತ್ತು ವರ್ಷ ಕಳೆದಿದ್ದರೂ ಮೀನಿನ ಸಾರಿಗೆ ಹುಳಿ ಹಾಕುವುದು ಮಾತ್ರ ಅವರ ಊರಿನ ಹಾಗೆಯೇ. ಕಳೆದ ನವೆಂಬರಿನಲ್ಲಿ ಐದನೆಯ ತೊಲೆಯ ಸರದಿ ಬಂದಾಗ ಕೆಲವರು ಗುಸುಗುಸು ಎಂದರು: ಹೊರಗಿನಿಂದ ಬಂದವರ ಕಾಲನ್ನು ಮಾಡು ಒಪ್ಪುತ್ತದೆಯೇ? ಪಾದ್ರಿ ಫಾದರ್ ಪ್ಲಾಸಿದ್ ನತಾಲ್ ಬಾಯಿಯನ್ನೇ ಕೇಳಿದರು, ನಿಲ್ಲುತ್ತೀರಾ ಎಂದು.

"ಅವರಿಲ್ಲದಿದ್ರೆ ಎಂತಾಯ್ತು ಫಾದರ್, ನಾನಿಲ್ವಾ?" ಎಂದರು ನತಾಲ್ ಬಾಯಿ.

ನಿಲ್ಲುವ ದಿನದ ಮಾರನೆಯ ಬೆಳಿಗ್ಗೆ ಬಿಷಪರು ಕೆಲಸ ನೋಡಲು ಬರುವವರಿದ್ದರು. ಅವರಿಗೆ ನನ್ನ ಬನ್ನು ತಿನ್ನಿಸುತ್ತೇನೆಂದು ನಾನು ಹದಿನೈದು ದಿನದಿಂದ ಎಲ್ಲರ ಕಿವಿ ಕೊರೆದಿದ್ದೆ. ನಿಲ್ಲುವುದರ ಹಿಂದಿನ ದಿನವೇ ಬೇಯಿಸಿ ಇಡಬಹುದಿತ್ತು, ಆದರೆ ಎರಡು ದಿನದ ಬನ್ನನ್ನು ಬಿಷಪರಿಗೆ ಕೊಡಲು ಮನಸ್ಸು ಬರಲಿಲ್ಲ. ಬೆಣೆ ತೆಗೆಯುವುದು ಹನ್ನೊಂದರ ಮೇಲೆ ಎಂದು ದಾಮೋದರಾಚಾರಿ ಹೇಳಿದ್ದರು. ಅಷ್ಟರೊಳಗೆ ಒಂದು ಸುತ್ತು ಆಗಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು, ಹೆಂಡತಿ ಪಾವ್ಲಿನ್ ತನ್ನ ಅಕ್ಕನ ಮನೆಗೆ ಹೋದದ್ದೇ ನಾನು ಒಲೆ ಹೊತ್ತಿಸಿದೆ. ಬನ್ನು ಒಲೆಯೊಳಗೆ ಹೋಗುವುದಕ್ಕೂ ಆಚಾರಿ ಕರೆ ಕಳಿಸುವುದಕ್ಕೂ ಸರಿಹೋಯಿತು. ಕೆಲಸ ಬೇಗ ಮುಂದೆ ಹೋಗಿತ್ತಂತೆ. ಒಲೆಯಲ್ಲಿ ಬನ್ನು ಇದೆ ಎಂದು ಹೇಳುವ ಬಾಯಿ ನನಗೆಲ್ಲಿತ್ತು? ಕಾಲು ತೊಳೆದುಕೊಂಡು ಹೋಗಿ ಕಲ್ಲಿನ ಮೇಲೆ ನಿಂತೆ.

ನಮ್ಮ ಕಲ್ಲು ಪಕ್ಕದ ಬಾಗಿಲಿಗೆ ಹತ್ತಿರ, ದಪ್ಪ ಕಂಬವೊಂದರ ಮರೆಯಲ್ಲಿ. ನತಾಲ್ ಬಾಯಿಯ ಕಲ್ಲು ಆ ಕಂಬದ ಆಚೆ. ಪೀಠಕ್ಕೆ ಧೂಳು ಬೀಳದಿರಲೆಂದು ಗೋಣಿ ಪರದೆ ಬೇರೆ ಕಟ್ಟಿದ್ದರು. ಹಾಗಾಗಿ ನನ್ನನ್ನು ಯಾರೂ ನೋಡುವಂತಿರಲಿಲ್ಲ. ನಾನು "ಬಂತು" ಎಂದೆ, ಆಚೆಯಿಂದ ನತಾಲ್ ಬಾಯಿಯೂ "ಬಂತು" ಎಂದರು. ಅವರ ದನಿಯಲ್ಲಿ ಎಷ್ಟು ಖುಷಿಯಿತ್ತೆಂದರೆ ಕೆಳಗಿದ್ದವರೆಲ್ಲ ನಕ್ಕರು. ತೊಲೆ ಇಳಿಯಿತು. ಮಾಡು ಅಲ್ಲಾಡಲಿಲ್ಲ.

ಅರ್ಧ ಗಂಟೆಯಾಗಿರಬೇಕು, ಬನ್ನಿನ ಪರಿಮಳ ಬಂತು. ಬೇಕರಿಯ ವಾಸನೆ ಊರಿಗೆ ಹೊಸದಲ್ಲ, ಯಾರೂ ತಲೆಯೆತ್ತಲಿಲ್ಲ. ನನ್ನ ಮೂಗಿಗೆ ಮಾತ್ರ ಅದರ ಒಂದೊಂದು ನಿಮಿಷವೂ ಗೊತ್ತು. ಮೊದಲು ಹಾಲಿನ ವಾಸನೆ, ಆಮೇಲೆ ಕೆಂಪಾಗುವ ವಾಸನೆ, ಆಮೇಲೆ ಅಂಚು ಹಿಡಿಯುವ ವಾಸನೆ. ಯಾರನ್ನಾದರೂ ಕೂಗಿ ಕರೆಯಬಹುದಿತ್ತು. ಆದರೆ ನಿಲ್ಲುವ ದಿನ ಒಲೆ ಹೊತ್ತಿಸಿದ್ದೇನೆ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕಾಗುತ್ತಿತ್ತು. ನನ್ನ ತೊಲೆ ಮೇಲೆಯೇ ಇದೆಯಲ್ಲ, ನಾನು ಜೊತೆಗೆ ನಿಂತವನು ಮಾತ್ರ, ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಕಾಲನ್ನು ಕಲ್ಲಿನಿಂದ ಆಚೆ ಇಟ್ಟು ನೋಡಿದೆ. ಏನೂ ಆಗಲಿಲ್ಲ. ಇನ್ನೊಂದನ್ನೂ ಇಟ್ಟೆ. ನೆತ್ತಿ ಹಗುರವಾಯಿತು, ಅಷ್ಟೇ. ಐವತ್ತು ಹೆಜ್ಜೆ ಓಡಿದೆ, ತಟ್ಟೆಗಳನ್ನು ಹೊರಗೆಳೆದೆ, ಬನ್ನು ಚಿನ್ನದ ಬಣ್ಣಕ್ಕೆ ಬಂದಿತ್ತು. ಅದನ್ನು ನೋಡಿ ಒಂದು ಗಳಿಗೆ ಸಂತೋಷಪಟ್ಟೆ. ಆ ಸಂತೋಷವನ್ನು ನೆನೆದರೆ ಈಗಲೂ ಮೈಯೆಲ್ಲ ಮುಳ್ಳಾಗುತ್ತದೆ.

ಹಿಂದಕ್ಕೆ ಓಡಿಬಂದು ಪಕ್ಕದ ಬಾಗಿಲಿಗೆ ಕೈಯಿಟ್ಟಿದ್ದೆ, ಒಳಗೆ ಮಾಡು ಕುಸಿಯಿತು. ನಾಲ್ಕು ಮತ್ತು ಐದರ ನಡುವಿನ ಭಾಗ, ಹೆಂಚು ಪಕ್ಕಾಸು ಎಲ್ಲ ಸೇರಿ. ಸುಣ್ಣದ ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಧೂಳಿನಲ್ಲೇ ತಡವರಿಸಿಕೊಂಡು ಹೋಗಿ ನಾನು ನನ್ನ ಕಲ್ಲಿನ ಮೇಲೆ ನಿಂತೆ. ಏಕೆ ನಿಂತೆ? ಬಿದ್ದ ಮೇಲೆ ನಿಂತು ಏನು ಉಪಯೋಗ? ನಿಂತಿದ್ದವನ ಹಾಗೆ ಕಾಣಬೇಕಿತ್ತು. ಬೇರೆ ಕಾರಣ ನನಗೆ ಇಂದಿಗೂ ಹೊಳೆದಿಲ್ಲ.

ಧೂಳು ಇಳಿದಾಗ ಜನ ನೋಡಿದ್ದು ಇಬ್ಬರನ್ನು. ಕಂಬದ ಈಚೆ ಮೈತುಂಬ ಬಿಳಿಯಾಗಿ ನಿಂತಿದ್ದ ನನ್ನನ್ನು, ಅದರಲ್ಲಿ ಅರ್ಧ ಮೈದಾ ಎಂದು ಯಾರಿಗೂ ತಿಳಿಯಲಿಲ್ಲ. ಆಚೆ ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಕಲ್ಲು ಬಿಡದೆ ನಿಂತಿದ್ದ ನತಾಲ್ ಬಾಯಿಯನ್ನು. ದಾಮೋದರಾಚಾರಿ ಗೋಡೆಯ ಗೂಡಿನಲ್ಲಿ ಉಳಿದ ಕುಂಬನ್ನು ಕೆರೆಯಲು ಮೇಲೆ ಹತ್ತಿದ್ದವರು, ಮರದ ರಾಶಿಯ ಕೆಳಗೆ ಸಿಕ್ಕಿದ್ದರು. ಬಲಗೈ ಜಜ್ಜಿಹೋಗಿತ್ತು. ಅವರನ್ನು ಎತ್ತಿಕೊಂಡು ಹೋಗುವಾಗ ಅವರು ಕೇಳಿದ್ದು ಒಂದೇ ಮಾತು.

"ಯಾರು ಬಿಟ್ಟದ್ದು?"

ಎಲ್ಲರ ಕಣ್ಣು ಕಂಬದ ಆಚೆಗೆ ಹೋಯಿತು. ಇಳಿಸಿದ್ದು ಅವರ ತೊಲೆ, ನಿಂತದ್ದು ಹೊರಗಿನ ಕಾಲು. ಮೊದಲೇ ಗುಸುಗುಸು ಎಂದವರಿಗೆ ಇನ್ನೇನು ಬೇಕು? ಸಂಜೆಯವರೆಗೆ ಊರಿಗೆ ಊರೇ ಸೇರಿ ಮಣ್ಣು ಹೆಂಚು ಹೊತ್ತು ಹಾಕಿದರು. ಅವರಿಗೆ ಚಹಾದ ಜೊತೆ ಕೊಡಲು ಏನಾದರೂ ಉಂಟಾ ಎಂದು ಫಾದರ್ ಕೇಳಿದರು. ಬಿಷಪರ ಬನ್ನನ್ನು, ಹಿಂದಿನ ದಿನದ್ದೆಂದು ಹೇಳಿ, ತಂದು ಹಂಚಿದೆ. ಎಲ್ಲರೂ ಹೊಗಳಿದರು. ಹಣೆಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ ನತಾಲ್ ಬಾಯಿಯೂ ಒಂದು ತಿಂದರು.

ಆಮೇಲಿನ ತಿಂಗಳುಗಳಲ್ಲಿ ನಾನು ದಿನಾ ಬೆಳಿಗ್ಗೆ ನತಾಲ್ ಬಾಯಿಯ ಮನೆಗೆ ಬ್ರೆಡ್ಡು ಕೊಂಡುಹೋಗಿ ಕೊಡುತ್ತಿದ್ದೆ. ಬೇಡ ಎಂದರೆ ಚೀಲವನ್ನು ಚಿಲಕಕ್ಕೆ ಸಿಕ್ಕಿಸಿ ಬರುತ್ತಿದ್ದೆ. ಇದನ್ನೂ ಊರು ಹೊಗಳಿತು. ಅವರೊಬ್ಬರೇ ಒಂದು ದಿನ, "ಇಜಿದೋರರೇ, ನಿಮ್ಮ ಬ್ರೆಡ್ಡು ಈಗೀಗ ಉಪ್ಪುಪ್ಪು ಮಾರಾಯ್ರೇ, ಎಂತ ಯೋಚನೆ ಮಾಡ್ಕೊಂಡು ಹಿಟ್ಟು ಕಲಸ್ತೀರಿ?" ಎಂದರು. ನನಗೆ ಅಲ್ಲೇ ಹೇಳಿಬಿಡಬೇಕೆನಿಸಿತು. "ನಾಳೆ ಸರಿ ಮಾಡ್ತೇನೆ" ಎಂದು ಹೇಳಿ ಬಂದೆ.

ಕುಸಿದ ಭಾಗಕ್ಕೆ ಹೇಗೋ ಹೆಂಚು ಹೊದಿಸಿದ್ದರು. ಐದನೆಯ ತೊಲೆಯನ್ನು ಕುಂಬು ತುದಿಯೊಂದಿಗೇ ಮೇಲೆ ಕೂರಿಸಿ ಬೆಣೆ ಹೊಡೆದಿದ್ದರು. ಮಳೆ ಹಿಡಿಯುವ ಮೊದಲು ಅದನ್ನು ಮತ್ತೆ ಇಳಿಸಿ ಸರಿ ಮಾಡಲೇಬೇಕಿತ್ತು. ಯಾರು ನಿಲ್ಲುವುದೆಂದು ತೀರ್ಮಾನಿಸಲು ಮಾರ್ಚ್ ಕೊನೆಯಲ್ಲಿ ಸಭೆ ಸೇರಿತು. ಬಸ್ತಿಯಾನಣ್ಣನ ಚಿಕ್ಕಪ್ಪನ ಮಗ ಗ್ರೆಗೋರ್, ಬಸ್ ಕಂಡಕ್ಟರ್, ಒಳ್ಳೆಯ ಮನುಷ್ಯ, ಅವನು ನಿಲ್ಲಲಿ ಎಂದರು ಹಿರಿಯರು. ಅವನು ನಿಂತರೆ ತೊಲೆ ಅವನದಾಗುತ್ತದೆ, ಅದರ ಮೇಲೆ ತನ್ನ ಮನೆಯ ಹೆಸರು ಕೆತ್ತಿಸಿಕೊಳ್ಳುವುದೂ ಅವನೇ. ನತಾಲ್ ಬಾಯಿಗೆ ಇಗರ್ಜಿಯಲ್ಲಿ ಕಲ್ಲು ಇರುವುದಿಲ್ಲ. ಹೊರಗಿನಿಂದ ಬಂದವರ ಜೊತೆ ಹಿಂದಿನ ಬೆಂಚಿನಲ್ಲಿ ಕೂರಬೇಕು. ಅವರು ಜಗಳವಾಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಎದ್ದು ನಿಂತರು.

"ಗ್ರೆಗೋರ್ ನಿಲ್ಲಲಿ. ತಪ್ಪು ನಂದೇ. ಬಂತು ಅಂತ ನಾನು ಸುಳ್ಳು ಹೇಳ್ಲಿಲ್ಲ, ನಿಜವಾಗಿ ಬಂದಿತ್ತು. ಆದ್ರೆ ನಿಂತಲ್ಲಿ ನಂಗೆ ನಮ್ಮೂರಿನ ಹೊಳೆ ನೆನಪಾಯ್ತು. ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು ನೆನಪಾಯ್ತು. ಕಾಲು ಇಲ್ಲಿ, ಮನಸ್ಸು ಅಲ್ಲಿ. ಮಾಡಿಗೆ ಗೊತ್ತಾಗ್ಲಿಕ್ಕೆ ಅಷ್ಟು ಸಾಕಲ್ಲ. ಆಚಾರ್ರ ಕೈ ಹೋದದ್ದು ನನ್ನಿಂದ."

ಊರು ಹೊರಿಸಿದ್ದನ್ನು ಅವರು ಸುಮ್ಮನೆ ಹೊತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಅದನ್ನು ನಂಬಿಯೂ ಇದ್ದರು. ಎದ್ದು ನಿಂತೆ. "ಫಾದರ್, ತಪ್ಪು ಅವರದ್ದಲ್ಲ. ನಂದು. ಅವತ್ತು ನಾನು... ನಾನು ಸರಿಯಾಗಿ ನಿಂತಿರ್ಲಿಲ್ಲ."

ಸಾಲು ಮಾಸ್ತರರು, ನನಗೆ ಮಗ್ಗಿ ಕಲಿಸಿದವರು, ತಲೆಯಾಡಿಸಿದರು. "ನೋಡಿ, ಇದಕ್ಕೆ ದೊಡ್ಡ ಮನಸ್ಸು ಅನ್ನುದು. ತಲೆ ಮೇಲೆ ಹೆಂಚು ಬೀಳುವಾಗ ಕದಲದೆ ನಿಂತವ ಇವ. ಈಗ ಪಾಪದ ಹೆಂಗಸಿನ ತಪ್ಪನ್ನೂ ತಾನೇ ಹೊರ್ಲಿಕ್ಕೆ ಹೊರಟಿದ್ದಾನೆ."

ಜನ ಚಪ್ಪಾಳೆ ತಟ್ಟಿದರು. ಅಲ್ಲ, ನಾನು ಇರಲೇ ಇಲ್ಲ, ಎಂದು ಒಂದು ಮಾತು ಸೇರಿಸಿದ್ದರೆ ಮುಗಿದಿತ್ತು. ಚಪ್ಪಾಳೆ ನಿಲ್ಲಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಚಪ್ಪಾಳೆ ನಿಂತಿತು. ನಾನು ಕೂತುಬಿಟ್ಟೆ. ನವೆಂಬರಿನಲ್ಲಿ ಮಾಡಿದ್ದಕ್ಕಿಂತ ಇದು ಹೀನ. ಅಂದು ಓಡಿದ್ದು ಕಾಲು, ಇಂದು ಕೂತದ್ದು ಪೂರಾ ನಾನು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಪಾವ್ಲಿನ್ ಒಂದು ಮಾತೂ ಆಡಲಿಲ್ಲ. ಅವಳ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ.

ಏಪ್ರಿಲ್‌ನ ಒಂದು ಸೋಮವಾರ ಬೆಳಿಗ್ಗೆ ತೊಲೆ ಇಳಿಸಲು ಎಲ್ಲರೂ ಸೇರಿದರು. ದಾಮೋದರಾಚಾರಿಯೇ ಏಣಿ ಹತ್ತಿದರು. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಬೆಣೆ ಹೊಡೆಯುವ ಕೊಡತಿಯನ್ನು ಎಡಗೈಯಲ್ಲಿ ಹಿಡಿದಿದ್ದರು. ಬೇರೆಯವರು ಹತ್ತಲಿ ಎಂದರೆ, ಈ ಮಾಡಿನ ಕೀಲು ಇನ್ನೊಬ್ಬರಿಗೆ ಗೊತ್ತಿಲ್ಲ ಎಂದರಂತೆ. ಗ್ರೆಗೋರ್ ಐದನೆಯ ಕಲ್ಲಿನ ಮೇಲೆ, ನಾನು ನಾಲ್ಕನೆಯದರ ಮೇಲೆ. ಈ ಸಲ ಪರದೆ ಕಟ್ಟಿರಲಿಲ್ಲ. ಕಂಬದ ಮಗ್ಗುಲಿಂದ ನನಗೆ ಗ್ರೆಗೋರನ ಭುಜ, ಅದರಾಚೆ ಕೊನೆಯ ಬೆಂಚು ಕಾಣುತ್ತಿತ್ತು. ನತಾಲ್ ಬಾಯಿ ಅಲ್ಲಿ ಕೂತಿದ್ದರು.

ಬೆಣೆಗಳು ಒಂದೊಂದಾಗಿ ಸಡಿಲವಾದವು. ಕೊನೆಯದೊಂದು ಉಳಿದಾಗ ಆಚಾರಿ ಕೇಳಿದರು, "ಬಂತಾ?"

ನೆತ್ತಿಯ ಮೇಲೆ ಮೂಟೆ ಇಳಿಯಿತು. "ಬಂತು" ಎಂದೆ.

"ಗ್ರೆಗೋರ್?"

ಗ್ರೆಗೋರ್ ಕತ್ತು ನೆಟ್ಟಗೆ ಮಾಡಿದ, ಕಾಲು ಸರಿಯಾಗಿ ಊರಿದ. ಎರಡು ನಿಮಿಷವಾಯಿತು. ಯಾರೋ ಕೆಮ್ಮಿದರು. "ಬಂತಾ ಮಾರಾಯ? ಎಷ್ಟು ಹೊತ್ತು?" ಎಂದರು ಆಚಾರಿ. ನಾನು ಕೊನೆಯ ಬೆಂಚಿನ ಕಡೆ ನೋಡಿದೆ. ನತಾಲ್ ಬಾಯಿಯ ತಲೆ ಮೆಲ್ಲಗೆ ಬಾಗುತ್ತಿತ್ತು. ಒಂದು ಕೈ ನೆತ್ತಿಗೆ ಹೋಯಿತು. ಇನ್ನೊಂದು ಕೈಯಲ್ಲಿ ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ನೆತ್ತಿಯ ಕೈಯನ್ನು ಸರಕ್ಕನೆ ಕೆಳಗಿಳಿಸಿ ಮಡಿಲಲ್ಲಿ ಅದುಮಿಟ್ಟುಕೊಂಡರು, ಕದ್ದದ್ದನ್ನು ಮುಚ್ಚಿಡುವವರ ಹಾಗೆ.

"ಬಂ... ಬಂತು" ಎಂದ ಗ್ರೆಗೋರ್.

ಆಚಾರಿ ಕೊಡತಿ ಎತ್ತಿದರು.

"ಹೊಡೀಬೇಡಿ ಆಚಾರ್ರೇ!" ನಾನು ಕಿರುಚಿದೆ. ಕಲ್ಲು ಬಿಟ್ಟು ಕದಲುವಂತಿರಲಿಲ್ಲ, ಗಂಟಲು ಒಂದೇ ನನ್ನ ಕೈಯಲ್ಲಿದ್ದದ್ದು. "ಅವನಿಗೆ ಬಂದಿಲ್ಲ. ಭಾರ ಅಲ್ಲಿಗೆ ಹೋಗಿದೆ, ಕೊನೆಯ ಬೆಂಚಿಗೆ. ನತಾಲ್ ಬಾಯಿ, ನೀವು ಹೊಳೆ ನೆನೆಸಿದ್ದಕ್ಕೆ ಬಿದ್ದದ್ದಲ್ಲ. ಅವತ್ತು ನಾನು ಇಲ್ಲಿ ಇರ್ಲಿಲ್ಲ. ಕಲ್ಲು ಬಿಟ್ಟು ಬೇಕರಿಗೆ ಓಡಿದ್ದೆ. ಒಲೆಯಲ್ಲಿ ಬನ್ನಿತ್ತು, ಸೀದುಹೋಗ್ತದೆ ಅಂತ ಓಡಿದ್ದು. ಬಿದ್ದ ಮೇಲೆ ಧೂಳಲ್ಲಿ ಬಂದು ನಿಂತೆ."

ಸಾಲು ಮಾಸ್ತರರು, "ಇಜಿದೋರಾ, ದೊಡ್ಡ ಮನಸ್ಸಿಗೂ ಒಂದು ಮಿತಿ..." ಎಂದು ಶುರುಮಾಡಿದರು.

"ಅವರು ಹೇಳುದು ನಿಜ ಮಾಸ್ತರ್ರೇ." ಹೆಂಗಸರ ಸಾಲಿನಲ್ಲಿ ಪಾವ್ಲಿನ್ ಎದ್ದು ನಿಂತಿದ್ದಳು. ಕಣ್ಣು ನೆಲದ ಮೇಲಿತ್ತು. "ಬನ್ನು ಹಿಂದಿನ ದಿನದ್ದು ಅಂತ ಎಲ್ರಿಗೂ ಹೇಳಿದ್ರು. ಮಾಡು ಬಿದ್ದ ಶಬ್ದಕ್ಕೆ ನಾನು ಅಕ್ಕನ ಮನೆಯಿಂದ ಓಡಿಬಂದೆ. ಮೊದಲು ಮನೆಗೆ ಹೋದೆ. ತಟ್ಟೆ ಹೊರಗಿತ್ತು. ಕೈಯಿಟ್ಟೆ, ಸುಡುವಷ್ಟು ಬಿಸಿ. ನಂಗೆ ಅವತ್ತೇ ಗೊತ್ತಿತ್ತು. ನಾನೂ ಹೇಳ್ಲಿಲ್ಲ."

ಆಚಾರಿ ಮೇಲಿನಿಂದ ನನ್ನನ್ನು ನೋಡಿದರು. ಬೈದರೆ ಸಾಕು ಎಂದುಕೊಂಡೆ. ಅವರು ತಮ್ಮ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, "ಬನ್ನಾ?" ಎಂದರು. ಅಷ್ಟೇ. ನಾಚಿಕೆಯಿಂದ ಭೂಮಿಗಿಳಿದು ಹೋಗುವುದು ಎನ್ನುತ್ತಾರಲ್ಲ, ನನಗೆ ಆ ಅನುಕೂಲವೂ ಇರಲಿಲ್ಲ. ನಾನು ನಿಂತಿರಬೇಕಿತ್ತು. ಎಲ್ಲರೂ ನೋಡುವ ಹಾಗೆ, ನೆಟ್ಟಗೆ.

ಗ್ರೆಗೋರ್ ಕಲ್ಲಿನಿಂದ ಇಳಿದ. "ನಂಗೆ ಏನೂ ಬಂದಿರ್ಲಿಲ್ಲ. ಎಲ್ರೂ ಕಾಯ್ತಿದ್ರಲ್ಲ, ಬರ್ಲಿಲ್ಲ ಅಂತ ಹೇಳ್ಲಿಕ್ಕೆ ಒಂಥರಾ ಆಯ್ತು" ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಆಚಾರಿ ಕೊನೆಯ ಬೆಂಚಿನ ಕಡೆ ತಿರುಗಿದರು.

"ನತಾಲ್ ಬಾಯಿ, ನಿಮಗೆ ಬಂತಾ?"

"ಆಗ್ಲೇ ಬಂದಿದೆ" ಎಂದರು ಅವರು. ಬೆಂಚುಗಳನ್ನು ಹಿಡಿದುಕೊಂಡು, ತಲೆಯ ಮೇಲೆ ತುಂಬಿದ ಕೊಡವಿದ್ದವರಂತೆ ಮೆಲ್ಲಗೆ ನಡೆದು ಬಂದರು. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತರು. ಆಚಾರಿ ಬೆಣೆಗೆ ಹೊಡೆದರು. ತೊಲೆ ಹಗ್ಗದ ಮೇಲೆ ಕೆಳಗಿಳಿಯಿತು. ಮಾಡಿನಿಂದ ಒಂದು ಚಿಟಿಕೆ ಮಣ್ಣೂ ಉದುರಲಿಲ್ಲ.

ಆಚಾರಿ ಕೆಳಗಿಳಿದು ತೊಲೆಯ ಕುಂಬು ತುದಿಯನ್ನು ಕೊಯ್ಯತೊಡಗಿದರು. ಜನ ಒಬ್ಬೊಬ್ಬರಾಗಿ ನನ್ನ ಮುಂದಿನಿಂದಲೇ ಹೊರಗೆ ಹೋದರು. ಪಾವ್ಲಿನ್ ಹೋಗಲಿಲ್ಲ, ನನ್ನ ಹತ್ತಿರ ಬರಲೂ ಇಲ್ಲ. ಮಧ್ಯಾಹ್ನ ಗಂಜಿ ಬಂದಾಗ ಅವಳು ಬಟ್ಟಲನ್ನು ಮೊದಲು ನತಾಲ್ ಬಾಯಿಯ ಬಾಯಿಗೆ ಹಿಡಿದಳು. ನನಗೆ ಕಂಬದ ಆಚೆ ಅವರ ಒಂದು ಪಾದ ಮಾತ್ರ ಕಾಣುತ್ತಿತ್ತು.

"ನತಾಲ್ ಬಾಯಿ, ಕ್ಷಮಿಸಿ ಅಂತ ಕೇಳ್ಲಿಕ್ಕೂ ನನಗೆ ಬಾಯಿಲ್ಲ" ಎಂದೆ.

ಗರಗಸದ ಸದ್ದು ನಿಂತಾಗ ಅವರು ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಐದು ತಿಂಗಳು ನಾನು ಆ ಹೊಳೆಯನ್ನು ಹತ್ತಿರ ಬರ್ಲಿಕ್ಕೆ ಬಿಡ್ಲಿಲ್ಲ ಇಜಿದೋರರೇ. ನೆನಪಾದ್ರೆ ಸಾಕು, ನಾಲಿಗೆ ಕಚ್ಚಿಕೊಳ್ತಿದ್ದೆ. ಕೆಲಸ ಇಲ್ಲದಿದ್ರೂ ಎದ್ದು ಪಾತ್ರೆ ತಿಕ್ತಿದ್ದೆ. ಈಗ ನೀವು ಹೇಳಿದ್ರಲ್ಲ, ಅದರಿಂದಲ್ಲ ಅಂತ. ನಿಂತಲ್ಲೇ ನೆನೆಸಿ ನೋಡಿದೆ. ನೀರುಂಟು. ಕಲ್ಲುಂಟು. ಅಮ್ಮನ ಮುಖ ಬರುದಿಲ್ಲ."

ಕೀಲು ಕೊರೆದು, ಹೊಸ ತುಂಡು ಜೋಡಿಸಿ, ತೊಲೆ ಏರಿಸಲು ಇನ್ನೂ ಎರಡು ಗಂಟೆ ಬೇಕೆಂದು ಆಚಾರಿ ಯಾರಿಗೋ ಹೇಳುತ್ತಿದ್ದರು. ಕಂಬದ ಆಚೆಯ ಪಾದ ಕದಲಲಿಲ್ಲ. ನಾನೂ ಅಲ್ಲಿಯೇ ನಿಂತಿದ್ದೆ.